ಜೋರು ಗಾಳಿಗೆ ಎಷ್ಟು ಲೀಟರಿನ ಬೋರ್ಡ್? ಬಯಲುಸೀಮೆಯ ವಿಂಡ್‌ಸರ್ಫಿಂಗ್ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಆಷಾಢ ಬಂತೆಂದರೆ ನನಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. ಗೋವಾದಲ್ಲೋ ಚೆನ್ನೈ ಕಡಲಲ್ಲೋ ನಾಲ್ಕು ದಿನ, ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟವಾದ ವಿಂಡ್‌ಸರ್ಫಿಂಗ್ ಕಲಿತು ಬಂದ ತುಮಕೂರು, ಶಿರಾ, ಚಿಂತಾಮಣಿ, ಕೋಲಾರದ ಕಡೆಯವರು ಮನೆ ಮುಂದಿನ ತೆಂಗಿನ ಗರಿಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುವುದನ್ನು ನೋಡಿ, ಈ ಗಾಳಿಗೆ ಎಷ್ಟು ದೊಡ್ಡ ಬೋರ್ಡ್ ಬೇಕು ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ನನ್ನ ಊರು ತುಮಕೂರಿನ ಹತ್ತಿರ, ತೂಕ 70 ಕೆಜಿ. ಲೆಕ್ಕಗಳೆಲ್ಲ ಆ ತೂಕಕ್ಕೆ ಮಾಡಿದ್ದು. ನಿಮ್ಮ ತೂಕಕ್ಕೆ ಕೂಡಿ ಕಳೆದುಕೊಳ್ಳಿ.

ಬೋರ್ಡಿನ ಸೈಜ್ ಅಂದ್ರೆ ಯಾವುದು? ಉದ್ದವಾ, ಅಗಲವಾ, ಲೀಟರಾ?

ಮೊದಲು ಲೀಟರ್ ನೋಡಿ. ಆಮೇಲೆ ಅಗಲ. ಉದ್ದವನ್ನು ಈಗಿನ ಬೋರ್ಡುಗಳಲ್ಲಿ ಅಷ್ಟಾಗಿ ಯಾರೂ ಕೇಳುವುದಿಲ್ಲ.

ಲೀಟರ್ ಅಂದರೆ ಬೋರ್ಡ್ ಪೂರ್ತಿ ಮುಳುಗಿದರೆ ಅದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎನ್ನುವ ಅಳತೆ. ಒಂದು ಲೀಟರ್ ನೀರು ಒಂದು ಕೆಜಿ ಇರುತ್ತದೆ ಅಲ್ವಾ, ಹಾಗಾಗಿ 100 ಲೀಟರಿನ ಬೋರ್ಡ್ ಒಟ್ಟು 100 ಕೆಜಿ ಹೊರುತ್ತದೆ. ಆದರೆ ಆ 100 ಕೆಜಿಯಲ್ಲಿ ನೀವೊಬ್ಬರೇ ಇಲ್ಲ. ಬೋರ್ಡೇ ಒಂದು 7 ಕೆಜಿ. ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಕೋಲು), ಹಾಯಿ ಸೇರಿ 8 ಕೆಜಿ. ಒದ್ದೆ ಬಟ್ಟೆ, ಹಾರ್ನೆಸ್ (ಮೈಗೆ ಕಟ್ಟಿಕೊಂಡು ಬೂಮ್ಗೆ ಕೊಕ್ಕೆ ಹಾಕುವ ಪಟ್ಟಿ), ಲೈಫ್ ಜಾಕೆಟ್ ಅಂತ 3 ಕೆಜಿ. ನನ್ನ 70 ಸೇರಿಸಿದರೆ 88 ಆಯಿತು. ಉಳಿದದ್ದು ಬರೀ 12. ಅಂದರೆ 100 ಲೀಟರಿನ ಬೋರ್ಡ್ ನನ್ನನ್ನು ಮುಳುಗಿಸುವುದಿಲ್ಲ, ಆದರೆ ಅದರ ಮೇಲೆ ನಿಂತರೆ ಕಾಲಡಿಗೆ ನೀರು ಬರುತ್ತದೆ, ಸ್ವಲ್ಪ ಮುಂದೆ ಹೆಜ್ಜೆ ಇಟ್ಟರೆ ಮೂತಿ ಮುಳುಗುತ್ತದೆ, ಹಿಂದೆ ಇಟ್ಟರೆ ಬಾಲ ಮುಳುಗುತ್ತದೆ. ಈ 'ಉಳಿದದ್ದು' ಎಷ್ಟು ಅನ್ನುವುದೇ ಇಡೀ ವಿಷಯದ ತಿರುಳು. ಬೋರ್ಡ್ ಮೇಲೆ ಬರೆದಿರುವ ಸಂಖ್ಯೆಯನ್ನು ಹಾಗೇ ನೋಡಬೇಡಿ, ಅದರಿಂದ ನಿಮ್ಮದೆಲ್ಲ ಕಳೆದು ನೋಡಿ.

ಹಾಗಿದ್ರೆ ದೊಡ್ಡದೇ ಒಳ್ಳೇದಲ್ವಾ? ಜೋರು ಗಾಳಿಗೆ ಚಿಕ್ಕದು ಯಾಕೆ?

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ಗಾಳಿಯಲ್ಲಿ ಬೋರ್ಡ್ ನೀರನ್ನು ಸೀಳಿಕೊಂಡು ಹೋಗುತ್ತದೆ. 20 ನಾಟ್ ಬರುವ ಹೊತ್ತಿಗೆ ಅದು ನೀರಿನ ಮೇಲೆ ಜಾರುತ್ತಿರುತ್ತದೆ, ಇದಕ್ಕೇ ಪ್ಲೇನಿಂಗ್ ಅನ್ನುವುದು. ಚಪ್ಪಟೆ ಕಲ್ಲನ್ನು ಕೆರೆಗೆ ಓರೆಯಾಗಿ ಎಸೆದರೆ ಕಪ್ಪೆ ಹಾರಿದ ಹಾಗೆ ಹೋಗುತ್ತದಲ್ಲ, ಹಾಗೆ. ಆ ಹೊತ್ತಿನಲ್ಲಿ ಬೋರ್ಡನ್ನು ಎತ್ತಿ ಹಿಡಿದಿರುವುದು ಲೀಟರ್ ಅಲ್ಲ, ವೇಗ. ಹೆಚ್ಚುವರಿ ಲೀಟರುಗಳೆಲ್ಲ ಸುಮ್ನೆ ಹೊರೆ.

ಬರೀ ಹೊರೆಯಾಗಿದ್ದರೆ ಪರವಾಗಿರಲಿಲ್ಲ. ದೊಡ್ಡ ಬೋರ್ಡ್ ಅಗಲವಾಗಿಯೂ ಇರುತ್ತದೆ. ಜಾರುವಾಗ ಅದರ ಮುಂದಿನ ಅರ್ಧ ಗಾಳಿಯಲ್ಲೇ ಇರುತ್ತದೆ. ಒಂದು ಚಿಕ್ಕ ಅಲೆ ತಗುಲಿ ಮೂತಿ ಮೇಲೆದ್ದರೆ ಅಡಿಗೆ ಗಾಳಿ ನುಗ್ಗುತ್ತದೆ, ಗಾಳಿಗೆ ಅಡ್ಡ ಹಿಡಿದ ಮೊರದ ಹಾಗೆ ಎದ್ದು ನಿಲ್ಲುತ್ತದೆ. ಜೊತೆಗೆ ದೊಡ್ಡ ಬೋರ್ಡಿಗೆ ದೊಡ್ಡ ಫಿನ್ (ಬೋರ್ಡಿನ ಅಡಿಯಲ್ಲಿ ಹಿಂದುಗಡೆ ಇರುವ ರೆಕ್ಕೆ) ಇರುತ್ತದೆ, ವೇಗ ಜಾಸ್ತಿಯಾದಾಗ ಆ ಫಿನ್ ಕೂಡ ಹಿಂಭಾಗವನ್ನು ಎತ್ತುತ್ತದೆ. ತಿರುವು ತೆಗೆದುಕೊಳ್ಳಬೇಕಾದರೆ ಬೋರ್ಡಿನ ಅಂಚನ್ನು ನೀರಿಗೆ ಒತ್ತಬೇಕು. 75 ಸೆಂಟಿಮೀಟರ್ ಅಗಲದ ಬೋರ್ಡಿನ ಅಂಚನ್ನು ಆ ವೇಗದಲ್ಲಿ ಒತ್ತುವುದಕ್ಕೆ ಆಗುವುದೇ ಇಲ್ಲ. ನನ್ನ ಗೆಳೆಯನೊಬ್ಬ 150 ಲೀಟರಿನ ಬೋರ್ಡ್ ಹಿಡಿದು ಇಂಥ ಗಾಳಿಗೆ ಇಳಿದಿದ್ದ. ಇಪ್ಪತ್ತೇ ನಿಮಿಷ. ಮೇಲೆ ಬಂದಾಗ ಅವನಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದಕ್ಕೂ ಬೆರಳಲ್ಲಿ ಶಕ್ತಿ ಇರಲಿಲ್ಲ.

ಎಷ್ಟು ಗಾಳಿಗೆ 'ಜೋರು' ಅನ್ನಬೇಕು? ಆ್ಯಪ್‌ನಲ್ಲಿ 25 ತೋರಿಸುತ್ತಿದೆ.

25 ಏನು? ಇದು ಮೊದಲು ನೋಡಬೇಕಾದ್ದು. ಹವಾಮಾನದ ಆ್ಯಪ್‌ಗಳು ಸಾಮಾನ್ಯವಾಗಿ ಗಂಟೆಗೆ ಇಷ್ಟು ಕಿಲೋಮೀಟರ್ ಅಂತ ತೋರಿಸುತ್ತವೆ. ಬೋರ್ಡ್, ಹಾಯಿಯ ಲೆಕ್ಕಗಳೆಲ್ಲ ನಾಟ್‌ನಲ್ಲಿ ಇರುತ್ತವೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಆ್ಯಪ್‌ನ 25 ಅಂದರೆ ಹದಿಮೂರೂವರೆ ನಾಟ್ ಅಷ್ಟೇ, ಅದು ಜೋರೇನಲ್ಲ. ನಿಜವಾದ 25 ನಾಟ್ ಅಂದರೆ 46 ಕಿಲೋಮೀಟರ್. ಎರಡಕ್ಕೂ ಆಕಾಶ ಭೂಮಿಯ ವ್ಯತ್ಯಾಸ. ಸೆಟ್ಟಿಂಗ್‌ನಲ್ಲಿ ನಾಟ್ ಮಾಡಿಕೊಂಡುಬಿಡಿ.

ಕಣ್ಣಲ್ಲೂ ಅಳೆಯಬಹುದು. ರಸ್ತೆಯ ಧೂಳು, ಕಾಗದದ ಚೂರು ಎದ್ದು ಹಾರಿದರೆ 11ರಿಂದ 16 ನಾಟ್. ಎಲೆ ತುಂಬಿದ ಚಿಕ್ಕ ಹೊಂಗೆ ಗಿಡ ಪೂರ್ತಿಯಾಗಿ ತೂಗಾಡಿದರೆ 17ರಿಂದ 21. ಮರದ ದಪ್ಪ ಕೊಂಬೆಗಳು ಅಲುಗಾಡಿ, ಕರೆಂಟ್ ತಂತಿ ಸಿಳ್ಳೆ ಹಾಕಿ, ಕೊಡೆ ಹಿಡಿಯುವುದು ಕಷ್ಟವಾದರೆ 22ರಿಂದ 27. ನಾನು ಜೋರು ಅನ್ನುವುದು 17ರಿಂದ ಮೇಲಿನದಕ್ಕೆ. 27 ದಾಟಿದರೆ ನಾನು ದಡದಲ್ಲೇ ಕೂರುತ್ತೇನೆ. ನೀರಿನ ಮೇಲೆ ಎಲ್ಲಿ ನೋಡಿದರೂ ಬಿಳಿ ನೊರೆ ಕಾಣುತ್ತಿದ್ದರೆ ದೊಡ್ಡ ಬೋರ್ಡ್ ಕಾರಿನಿಂದ ಇಳಿಸಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮುಂಚೆ ಬರುವ ಗಾಳಿ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಯಾವ ದಿಕ್ಕಿನಿಂದ ಯಾವಾಗ ಬಂದು ಅಪ್ಪಳಿಸುತ್ತದೋ ಹೇಳುವುದಕ್ಕಾಗುವುದಿಲ್ಲ. ಸಿಡಿಲು ಬೇರೆ. ನೀರಿನ ನಡುವೆ ನಾಲ್ಕು ಮೀಟರ್ ಎತ್ತರದ ಕಾರ್ಬನ್ ಮಾಸ್ಟ್ ಹಿಡಿದು ನಿಲ್ಲುವ ಹೊತ್ತಲ್ಲ ಅದು.

ಸರಿ, ನನ್ನ ತೂಕಕ್ಕೆ ಎಷ್ಟು ಲೀಟರ್ ಅಂತ ನೇರವಾಗಿ ಹೇಳಿ.

ನೇರವಾಗಿ ಹೇಳುತ್ತೇನೆ, ಆದರೆ ನಿಮಗೆ ಏನು ಬರುತ್ತದೆ ಅನ್ನುವುದನ್ನೂ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನೂ ಹಗ್ಗ ಹಿಡಿದು ಹಾಯಿ ಎತ್ತುವ ಹಂತದಲ್ಲಿದ್ದರೆ ತೂಕಕ್ಕೆ 80ರಿಂದ 100 ಸೇರಿಸಿ, ಅದಕ್ಕೆ ಜೋರು ಗಾಳಿ ಸೇರುವುದಿಲ್ಲ, ಅದು ಬೇರೆ ಮಾತು. ಹಾರ್ನೆಸ್ ಹಾಕಿಕೊಂಡು ಕಾಲುಪಟ್ಟಿಗೆ ಕಾಲು ಸಿಕ್ಕಿಸಿ ಪ್ಲೇನಿಂಗ್ ಮಾಡಬಲ್ಲವರಾದರೆ, 12ರಿಂದ 17 ನಾಟ್‌ಗೆ ತೂಕದ ಮೇಲೆ 45–50 ಲೀಟರ್. ನನ್ನ ಥರ 70 ಕೆಜಿ ಇದ್ದರೆ 115ರಿಂದ 120.

17ರಿಂದ 22 ನಾಟ್‌ಗೆ ತೂಕದ ಮೇಲೆ 25ರಿಂದ 35. ಅಂದರೆ ನನಗೆ 95ರಿಂದ 105. ಇದನ್ನೇ ಬಹಳ ಜನ ಕೇಳುವುದು, ಬಹಳ ಜನಕ್ಕೆ ಬೇಕಾಗುವುದೂ ಇದೇ. ಅಗಲ 62ರಿಂದ 66 ಸೆಂಟಿಮೀಟರ್ ಇರುವ, ಫ್ರೀಸ್ಟೈಲ್ ವೇವ್ ಅಥವಾ ಫ್ರೀಮೂವ್ ಅಂತ ಕರೆಯುವ ಬೋರ್ಡುಗಳು ಈ ಗಾಳಿಗೆ ಚೆನ್ನಾಗಿ ಹೊಂದುತ್ತವೆ.

22ರ ಮೇಲೆ ತೂಕದ ಮೇಲೆ 10ರಿಂದ 20. ಇಲ್ಲಿ ಬೋರ್ಡ್ ನಿಂತಲ್ಲಿ ನಿಮ್ಮನ್ನು ಸರಿಯಾಗಿ ಹೊರುವುದಿಲ್ಲ, ನೀರಿನಿಂದಲೇ ಹಾಯಿಯ ಬಲದಲ್ಲಿ ಎದ್ದು ಬರಬೇಕು, ಇದಕ್ಕೇ ವಾಟರ್ ಸ್ಟಾರ್ಟ್ ಅನ್ನುವುದು. ಕಡಲಲ್ಲಿ ನುರಿತವರು ತೂಕಕ್ಕಿಂತ ಕಡಿಮೆ ಲೀಟರಿನ ಬೋರ್ಡನ್ನೂ ಓಡಿಸುತ್ತಾರೆ. ನಮ್ಮ ಕೆರೆಗಳಿಗೆ ಅದು ಬೇಡವೇ ಬೇಡ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಎರಡು ಬೋರ್ಡುಗಳ ಮಧ್ಯೆ ಸುಮಾರು 25–30 ಲೀಟರ್ ಅಂತರ ಇರಲಿ. 115 ಇದ್ದವರು 105 ತೆಗೆದುಕೊಂಡರೆ ದುಡ್ಡು ದಂಡ.

ವಾಟರ್ ಸ್ಟಾರ್ಟ್ ಇನ್ನೂ ಬರಲ್ಲ. ಚಿಕ್ಕ ಬೋರ್ಡ್ ತಗೊಂಡು ಅದರಲ್ಲೇ ಕಲೀಬಹುದಾ?

ಬೇಡ. ಈಗಿರುವ ದೊಡ್ಡ ಬೋರ್ಡಿನಲ್ಲೇ ಕಲಿಯಿರಿ, ಎದೆಮಟ್ಟ ನೀರಿನಲ್ಲಿ, ದಡದ ಕಡೆಗೆ ತಳ್ಳುವ ಗಾಳಿಯಲ್ಲಿ. ಹತ್ತಕ್ಕೆ ಎಂಟು ಸಲ ಬಂದ ಮೇಲೆ ಚಿಕ್ಕ ಬೋರ್ಡಿನ ಮಾತು.

ಗಾಳಿ ಜೋರಾಯಿತು ಅಂತ ತಕ್ಷಣ ಬೋರ್ಡ್ ಬದಲಿಸಬೇಕಾ?

ಇಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮೊದಲು ಹಾಯಿ ಚಿಕ್ಕದು ಮಾಡಿ. ಆಮೇಲೆ ಫಿನ್. ಬೋರ್ಡ್ ಕೊನೆಗೆ.

ಕೈ ಕಿತ್ತುಹೋಗುವಂತೆ ಎಳೆಯುತ್ತಿರುವುದು ಹಾಯಿ, ಬೋರ್ಡಲ್ಲ. ಹಾಯಿಗೆ ಒಂದು ಅಂದಾಜು ಲೆಕ್ಕ ಇದೆ: ನಿಮ್ಮ ತೂಕವನ್ನು 1.34ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. 70 ಕೆಜಿಗೆ 15 ನಾಟ್‌ನಲ್ಲಿ 6.25 ಚದರ ಮೀಟರ್, 20 ನಾಟ್‌ನಲ್ಲಿ 4.7, 25 ನಾಟ್‌ನಲ್ಲಿ 3.75. ನೋಡಿ, ಹತ್ತು ನಾಟ್ ಏರಿದ್ದಕ್ಕೆ ಹಾಯಿ ಎಷ್ಟು ಇಳಿಯಿತು. ಒಂದೇ ಹಾಯಿ ಇಟ್ಟುಕೊಂಡು ಬೋರ್ಡ್ ಮೇಲೆ ಬೋರ್ಡ್ ಕೊಂಡರೆ ಏನೂ ಉಪಯೋಗವಿಲ್ಲ.

ಹಾಯಿ ಬದಲಿಸುವುದಕ್ಕೂ ಮುಂಚೆ, ಹಾಯಿಯನ್ನು ಮಾಸ್ಟ್ ಬುಡಕ್ಕೆ ಎಳೆದು ಕಟ್ಟುವ ಡೌನ್‌ಹಾಲ್ ಹಗ್ಗವನ್ನು ಇನ್ನೊಂದೆರಡು ಸೆಂಟಿಮೀಟರ್ ಎಳೆದು ಬಿಗಿ ಮಾಡಿ ನೋಡಿ. ಆಗ ಹಾಯಿಯ ಮೇಲ್ಭಾಗ ಸಡಿಲವಾಗುತ್ತದೆ, ಗಾಳಿ ಜೋರಾಗಿ ಹೊಡೆದಾಗ ಅದು ತಾನಾಗಿಯೇ ಬಾಗಿ ಹೆಚ್ಚಿನ ಗಾಳಿಯನ್ನು ಬಿಟ್ಟುಕೊಡುತ್ತದೆ. ಕೈಗೆ ಬರುವ ಭಾರದಲ್ಲಿ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಮಾಸ್ಟ್ ಬುಡವನ್ನು ಬೋರ್ಡಿನ ಸೀಳಿನಲ್ಲಿ ಎರಡು ಸೆಂಟಿಮೀಟರ್ ಮುಂದಕ್ಕೆ ಸರಿಸಿ, ಮೂತಿ ಏಳುವುದು ಕಡಿಮೆಯಾಗುತ್ತದೆ. ಫಿನ್ ವಿಷಯಕ್ಕೆ ಬಂದರೆ, 115 ಲೀಟರಿನ ಬೋರ್ಡಿಗೆ 38ರಿಂದ 40 ಸೆಂಟಿಮೀಟರಿನ ಫಿನ್ ಇದ್ದರೆ ಜೋರು ಗಾಳಿಗೆ 32ರದ್ದು ಹಾಕಿ. ಒಂದು ಫಿನ್‌ನ ಬೆಲೆಯಲ್ಲಿ ಅದೇ ಬೋರ್ಡ್ ಇನ್ನೂ ಮೂರು ನಾಲ್ಕು ನಾಟ್ ಜಾಸ್ತಿ ತಡೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬೋರ್ಡ್ ಅಲೆ ಅಲೆಗೂ ಪುಟಿಯುತ್ತಾ, ಮೂತಿ ಏಳುತ್ತಾ, ತಿರುವಿಗೆ ಬಾಗದೆ ಹಟ ಮಾಡಿದರೆ, ಆಗ ಚಿಕ್ಕ ಬೋರ್ಡಿನ ಹೊತ್ತು ಬಂದಿದೆ ಅಂತ ತಿಳಿಯಿರಿ.

ನಾವು ಎತ್ತರದ ಜಾಗದಲ್ಲಿದ್ದೇವೆ, ನೀರೂ ಸಿಹಿನೀರು. ಇದರಿಂದ ಲೆಕ್ಕ ಬದಲಾಗುತ್ತದಾ?

ಬದಲಾಗುತ್ತದೆ, ಈ ಪ್ರಶ್ನೆ ಕೇಳಿದ ಚಿಂತಾಮಣಿಯ ಹುಡುಗಿಗೆ ನನ್ನ ಮೆಚ್ಚುಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಮೇಲಿವೆ. ಇಲ್ಲಿ ಗಾಳಿ ಕಡಲತೀರಕ್ಕಿಂತ ನೂರಕ್ಕೆ ಸುಮಾರು 8 ಪಾಲು ತೆಳು. ಅಷ್ಟೇ ವೇಗದಲ್ಲಿ ಬೀಸಿದರೂ ತಳ್ಳುವ ಬಲ ಅಷ್ಟು ಕಡಿಮೆ. ಆದ್ದರಿಂದ ಗೋವಾದಲ್ಲಿ 20 ನಾಟ್‌ಗೆ 4.7 ಹಾಯಿ ಸಾಕಾಗಿದ್ದರೆ ಇಲ್ಲಿ 5.0 ಅಥವಾ 5.1 ಬೇಕು.

ನೀರಿನದು ಅಷ್ಟು ದೊಡ್ಡ ಲೆಕ್ಕವಲ್ಲ. ಉಪ್ಪು ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ, ಆದ್ದರಿಂದ ಅದೇ 100 ಲೀಟರಿನ ಬೋರ್ಡ್ ಕಡಲಲ್ಲಿ 102.5 ಕೆಜಿ ಹೊರುತ್ತದೆ, ನಮ್ಮ ಕೆರೆಯಲ್ಲಿ 100. ಎರಡೂವರೆ ಕೆಜಿ ಏನು ಮಹಾ ಅನ್ನಬಹುದು. ಮೊದಲು ಲೆಕ್ಕ ಹಾಕಿದಾಗ ಉಳಿದದ್ದು ಬರೀ 12 ಕೆಜಿ ಅನ್ನುವುದನ್ನು ನೆನಪಿಟ್ಟುಕೊಂಡು ನೋಡಿ, ಆಗ ಚಿಕ್ಕದಲ್ಲ ಅನ್ನಿಸುತ್ತದೆ.

ಎರಡೂ ಸೇರಿ ಹೇಳುವುದು ಒಂದೇ: ಕಡಲತೀರದವರಿಗೆ ಬರೆದ ಪಟ್ಟಿ ನೋಡಿ ನಾವು ಬೋರ್ಡ್ ಆರಿಸಿದರೆ ಐದಾರು ಲೀಟರ್ ಕಡಿಮೆ ಬೀಳುತ್ತದೆ.

ಕೆರೆಯ ಗಾಳಿಗೂ ಕಡಲ ಗಾಳಿಗೂ ಅಷ್ಟು ವ್ಯತ್ಯಾಸ ಇದೆಯಾ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ.

ಕಡಲ ಮೇಲೆ ಗಾಳಿಗೆ ಅಡ್ಡ ಏನೂ ಇಲ್ಲ. 20 ನಾಟ್ ಅಂದರೆ ಹೆಚ್ಚು ಕಡಿಮೆ 18ರಿಂದ 22ರ ಒಳಗೇ ಇರುತ್ತದೆ. ನಮ್ಮ ಕಡೆ ಪಶ್ಚಿಮದಿಂದ ಬರುವ ಆಷಾಢದ ಗಾಳಿ ಗುಡ್ಡ ಹತ್ತಿ, ತೆಂಗಿನ ತೋಟದ ಮೇಲೆ ಹಾದು, ಊರು ದಾಟಿ ಕೆರೆಗೆ ಬರುತ್ತದೆ. ಸರಾಸರಿ 18 ಇದ್ದರೂ ಒಂದು ನಿಮಿಷ 26, ಮುಂದಿನ ನಿಮಿಷ 9. ಇಂಥ ಗಾಳಿಯಲ್ಲಿ 26ಕ್ಕೆ ಅಂತ ಬೋರ್ಡ್ ಆರಿಸಿದರೆ 9ರಲ್ಲಿ ಮುಳುಗುತ್ತೀರಿ.

ನನಗೆ ಇದು ಗೊತ್ತಾಗಿದ್ದು ಗುಬ್ಬಿ ಕಡೆಯ ಒಂದು ಕೆರೆಯಲ್ಲಿ. ಬೆಳಿಗ್ಗೆಯಿಂದ ಗಾಳಿ ಭರ್ಜರಿಯಾಗಿತ್ತು. ಆ್ಯಪ್ 22 ನಾಟ್ ಅನ್ನುತ್ತಿತ್ತು. ನಾನು 85 ಲೀಟರಿನ ಬೋರ್ಡ್ ಇಳಿಸಿದೆ. ಮೂರು ಸುತ್ತು ಎಷ್ಟು ಚೆನ್ನಾಗಿತ್ತೆಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾಲ್ಕನೇ ಸುತ್ತಿಗೆ ಕೆರೆಯ ಆಚೆ ಬದಿಗೆ ಹೋದಾಗ ಗಾಳಿ ನಿಂತೇಹೋಯಿತು. ಬೋರ್ಡ್ ಕಾಲಡಿಯಲ್ಲಿ ಇಳಿಯುತ್ತಾ ಇಳಿಯುತ್ತಾ ನನಗೆ ಎದೆಮಟ್ಟ ನೀರಾಯಿತು. ಹಗ್ಗ ಎಳೆದು ಹಾಯಿ ಎತ್ತೋಣವೆಂದರೆ ನಿಲ್ಲುವುದಕ್ಕೆ ನೆಲೆಯೇ ಇಲ್ಲ. ವಾಟರ್ ಸ್ಟಾರ್ಟ್ ಮಾಡೋಣವೆಂದರೆ ಎತ್ತುವ ಗಾಳಿ ಇಲ್ಲ. ಹಾಯಿಯನ್ನು ಬೋರ್ಡಿನ ಹಿಂಭಾಗಕ್ಕೆ ಹಾಕಿಕೊಂಡು, ಬೋರ್ಡಿನ ಮೇಲೆ ಬೋರಲು ಮಲಗಿ ಕೈಯಲ್ಲಿ ಈಜಿ ದಡ ಸೇರುವಷ್ಟರಲ್ಲಿ ಒಂದೂವರೆ ಗಂಟೆ. ದಡದಲ್ಲಿ ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ಅಷ್ಟೂ ಹೊತ್ತು ಕಾದು ಕೂತಿದ್ದರು. "ಯಾಕಪ್ಪಾ, ಗಾಳಿ ಕೈ ಕೊಡ್ತಾ?" ಅಂದರು.

ಅವತ್ತಿನಿಂದ ನಾನು ಹಾಯಿಯನ್ನು ಜೋರು ಬೀಸಿಗೆ ಆರಿಸುತ್ತೇನೆ, ಬೋರ್ಡನ್ನು ಗಾಳಿ ಇಳಿದ ಹೊತ್ತಿಗೆ ಆರಿಸುತ್ತೇನೆ. ಈಗ ಅದೇ ಗಾಳಿಗೆ ನಾನು ಇಳಿಸುವುದು 102 ಲೀಟರಿನದು, 4.5ರ ಹಾಯಿ, ಚಿಕ್ಕ ಫಿನ್. ಬೀಸು ಬಂದಾಗ ಅದು ಸ್ವಲ್ಪ ಪುಟಿಯುತ್ತದೆ, ನಿಜ. ಗಾಳಿ ನಿಂತಾಗ ಮಂಡಿಯೂರಿ ಕೂತು ಹಾಯಿ ಎತ್ತಿಕೊಂಡರೆ ನಿಧಾನವಾಗಿ ದಡಕ್ಕೆ ತರುತ್ತದೆ. ನನಗೆ ಅದು ಮುಖ್ಯ.

ಇನ್ನೊಂದು ಮಾತು, ಕೆರೆ ಏರಿ ಮೇಲೆ ನಿಂತು ಗಾಳಿ ಅಳೆಯಬೇಡಿ. ಏರಿ ಹತ್ತುವಾಗ ಗಾಳಿ ಒತ್ತಿಕೊಂಡು ವೇಗವಾಗುತ್ತದೆ, ಮೀಟರ್ ಎರಡು ಮೂರು ನಾಟ್ ಜಾಸ್ತಿ ತೋರಿಸುತ್ತದೆ. ಗಾಳಿ ಏರಿಯ ಕಡೆಯಿಂದ ನೀರಿನ ಕಡೆಗೆ ಬೀಸುತ್ತಿದ್ದರೆ, ಏರಿಗೆ ಹತ್ತಿರದ ನೀರಿನಲ್ಲಿ ಗಾಳಿಯೇ ಇರುವುದಿಲ್ಲ, ಇದ್ದರೂ ಸುತ್ತಿ ಸುಳಿದು ಬರುತ್ತದೆ. ನೀರಿನ ಮಟ್ಟದಲ್ಲಿ ನಿಂತು ಹತ್ತು ನಿಮಿಷ ನೋಡಿ. ಅತಿ ಜಾಸ್ತಿ ಎಷ್ಟು, ಅತಿ ಕಡಿಮೆ ಎಷ್ಟು, ಎರಡನ್ನೂ ಬರೆದುಕೊಳ್ಳಿ.

ನಮ್ಮೂರ ಕೆರೆಗೆ ಇಳಿಯಬಹುದಾ?

ಮೊದಲು ಪಂಚಾಯ್ತಿಯಲ್ಲಿ, ಕೆರೆ ಯಾವ ಇಲಾಖೆಯದೋ ಅಲ್ಲಿ ಕೇಳಿ. ಕುಡಿಯುವ ನೀರಿನ ಕೆರೆಯಾದರೆ ಕೇಳಲೂ ಬೇಡಿ, ಇಳಿಯಲೂ ಬೇಡಿ. ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಹಲವು ಕೆರೆಗಳಿಗೆ ಬರುತ್ತಿದೆ, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿಯದು. ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಅಂತರ್ಜಲ ಏರಲಿ ಎಂದು ತುಂಬಿಸುವ ನೀರು. ಮುಖ ಮುಳುಗಿಸಿ ಆಡುವುದಕ್ಕಲ್ಲ. ಬೇಸಿಗೆಯಲ್ಲೂ ಕೆರೆ ತುಂಬಿ ತುಳುಕುತ್ತಿದೆ ಅಂತ ಆಸೆಪಡಬೇಡಿ.

ಬಯಲುಸೀಮೆಯ ಇನ್ನೊಂದು ಪಜೀತಿ ಇದೆ. ನಮ್ಮಲ್ಲಿ ಗಾಳಿ ಜೋರಾಗಿರುವುದು ಜೂನ್, ಜುಲೈ. ಮಳೆ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್. ಗಾಳಿ ಇದ್ದಾಗ ಕೆರೆಯಲ್ಲಿ ನೀರು ತಳ ಹಿಡಿದಿರುತ್ತದೆ, ಕೆರೆ ತುಂಬಿದಾಗ ಗಾಳಿ ಹೋಗಿರುತ್ತದೆ. ಆದ್ದರಿಂದ ಆಷಾಢದಲ್ಲಿ ಇಳಿಯುವವರು ಆಳ ನೋಡಲೇಬೇಕು. ಪೂರ್ತಿ ವೇಗದಲ್ಲಿ ಹೋಗುವಾಗ ಫಿನ್ ಹೂಳಿಗೋ, ಮುಳುಗಿದ ಜಾಲಿ ಬೊಡ್ಡೆಗೋ ತಗುಲಿದರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ಮುಂದಕ್ಕೆ ಹಾರಿ ಮಾಸ್ಟ್‌ಗೆ ಬಡಿದುಕೊಳ್ಳುತ್ತೀರಿ. ಇಳಿಯುವ ಮುಂಚೆ ಒಂದು ಗಳ ಹಿಡಿದು ನಡೆದು ನೋಡಿ, ಸೊಂಟಮಟ್ಟಕ್ಕಿಂತ ಕಡಿಮೆ ನೀರಿನಲ್ಲಿ ಪ್ಲೇನಿಂಗ್ ಬೇಡ. ಜೊಂಡು, ಅಂತರಗಂಗೆ ಗಿಡ ಬೆಳೆದಿರುವ ಕಡೆ ಹಿಂದಕ್ಕೆ ಓರೆಯಾಗಿ ಬಾಗಿರುವ ವೀಡ್ ಫಿನ್ ಹಾಕಿ, ಗಿಡ ಜಾರಿ ಹೋಗುತ್ತದೆ. ಕಾಲಿಗೆ ದಪ್ಪ ಅಡಿಯ ಬೂಟು ಬೇಕೇ ಬೇಕು, ಜಾಲಿ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತದೆ.

ಕೆರೆಯಲ್ಲಿ ತೂಬು ಎಲ್ಲಿದೆ, ಕೋಡಿ ಎಲ್ಲಿದೆ ಅಂತ ಊರಿನವರನ್ನು ಕೇಳಿಕೊಳ್ಳಿ. ತೂಬು ಎತ್ತಿದ್ದರೆ, ಕೋಡಿ ಹರಿಯುತ್ತಿದ್ದರೆ ಆ ಕಡೆ ಸುಳಿಯಬೇಡಿ. ಒಬ್ಬರೇ ಹೋಗಬೇಡಿ.

ನಾನು 52 ಕೆಜಿ. ಎಲ್ಲರೂ ಹೇಳೋ ಲೆಕ್ಕ ನನಗೆ ಹೊಂದುತ್ತಿಲ್ಲ.

ಹೊಂದುವುದಿಲ್ಲ, ಯಾಕೆಂದರೆ ಬರೆಯುವವರೆಲ್ಲ 75 ಕೆಜಿಯ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ನಿಮಗೆ 15 ನಾಟ್ ಗಾಳಿಯೇ ಜೋರು ಅನ್ನಿಸುತ್ತದೆ. ಅದರಲ್ಲಿ ನಿಮ್ಮ ತಪ್ಪೇನಿಲ್ಲ, ಹಾಯಿಗೆ ಎದುರಾಗಿ ನೇತಾಡುವುದಕ್ಕೆ ನಿಮ್ಮ ಬಳಿ ಇರುವ ಭಾರ ಅಷ್ಟು. 20 ನಾಟ್‌ಗೆ ನಿಮಗೆ 3.5ರ ಹಾಯಿ ಸಾಕು, ನಮ್ಮ ಎತ್ತರಕ್ಕೆ 3.7 ಇಟ್ಟುಕೊಳ್ಳಿ. ಬೋರ್ಡ್ 80ರಿಂದ 85 ಲೀಟರ್. ಆದರೆ ಬೋರ್ಡಿನ ಅಗಲ 60 ಸೆಂಟಿಮೀಟರಿಗಿಂತ ಜಾಸ್ತಿ ಬೇಡ, ಕಾಲುಪಟ್ಟಿಗಳು ಒಳಬದಿಗೆ ಹಾಕುವಂತಿರಲಿ. ಬೂಮ್ ಕೂಡ ತೆಳು ಹಿಡಿ ಇರುವುದನ್ನು ಕೇಳಿ, ಚಿಕ್ಕ ಕೈಗೆ ದಪ್ಪ ಬೂಮ್ ಹಿಡಿದರೆ ಮೊಣಕೈ ನೋವು ಬೇಗ ಬರುತ್ತದೆ. ಹಗುರ ಇರುವವರಿಗೆ ಒಂದು ಅನುಕೂಲವೂ ಇದೆ, ಗಾಳಿ ಸ್ವಲ್ಪ ಏರಿದರೆ ಸಾಕು, ನಾವೆಲ್ಲ ಇನ್ನೂ ಹಾಯಿ ಅಲುಗಾಡಿಸುತ್ತಿರುವಾಗ ನೀವು ಜಾರಿಕೊಂಡು ಹೋಗಿರುತ್ತೀರಿ.

ಒಲಿಂಪಿಕ್ಸ್‌ನವರು ದೊಡ್ಡ ಬೋರ್ಡನ್ನೇ ಎಲ್ಲ ಗಾಳಿಗೂ ಓಡಿಸುತ್ತಿದ್ದರಲ್ಲ?

ಹೌದು. 2008ರಿಂದ 2020ರ ಒಲಿಂಪಿಕ್ಸ್‌ವರೆಗೆ ಇದ್ದ ಆರ್‌ಎಸ್‌:ಎಕ್ಸ್ ಬೋರ್ಡ್ 286 ಸೆಂಟಿಮೀಟರ್ ಉದ್ದ, 93 ಅಗಲ. ಮಂದ ಗಾಳಿಗೂ ಅದೇ, ಬಿರುಗಾಳಿಗೂ ಅದೇ, ಗಂಡಸರಿಗೆ 9.5ರ ಹಾಯಿ. ನಮ್ಮ ದೇಶದ ಇಬಾದ್ ಅಲಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದಿದ್ದೂ ಇದೇ ಆರ್‌ಎಸ್‌:ಎಕ್ಸ್‌ನಲ್ಲಿ. ಎಲ್ಲರಿಗೂ ಒಂದೇ ಸಲಕರಣೆ ಇದ್ದರೆ ಆಟ ಸಮವಾಗಿರುತ್ತದೆ ಅಂತ ಆ ನಿಯಮ. ಅವರು ವರ್ಷಗಟ್ಟಲೆ ದಿನವೂ ಮೈ ಪಳಗಿಸಿದವರು. ಭಾನುವಾರ ಮಾತ್ರ ಬಿಡುವು ಸಿಗುವ ನಾವು ಅದನ್ನು ಅಳತೆಗೋಲು ಮಾಡಿಕೊಳ್ಳುವುದು ಬೇಡ.

ಸೆಕೆಂಡ್ ಹ್ಯಾಂಡ್ ಹಳೇ ಬೋರ್ಡ್ ಕಡಿಮೆಗೆ ಸಿಗುತ್ತಿದೆ, 100 ಲೀಟರ್. ತಗೊಳ್ಳಲಾ?

ಯಾವ ಕಾಲದ್ದು ನೋಡಿ. 1990ರ ಸುಮಾರಿನ ಬೋರ್ಡುಗಳು ಉದ್ದ, ಕಿರಿದು. 100 ಲೀಟರ್ ಇದ್ದರೂ ಅಗಲ 57–58 ಸೆಂಟಿಮೀಟರ್ ಇರುತ್ತದೆ. ಇವತ್ತಿನ 100 ಲೀಟರ್ 64ರ ಹತ್ತಿರ. ಹಳೆಯದು ನಿಂತಲ್ಲಿ ತುಂಬಾ ಓಲಾಡುತ್ತದೆ, ಪ್ಲೇನಿಂಗ್‌ಗೆ ಹೆಚ್ಚು ಗಾಳಿ ಬೇಕು. ಜಾರುವುದಕ್ಕೆ ಶುರುವಾದ ಮೇಲೆ ಅಲೆಯ ಮೇಲೆ ಮೆತ್ತಗೆ ಹೋಗುತ್ತದೆ ಅನ್ನುವುದೂ ನಿಜ. ನನಗೆ ಅದರ ಮೇಲೆ ಪ್ರೀತಿ ಇದೆ, ಆದರೆ ಮೊದಲ ಚಿಕ್ಕ ಬೋರ್ಡ್ ಆಗಿ ಬೇಡ ಅನ್ನುತ್ತೇನೆ.

ಯಾವ ಬೋರ್ಡ್ ಆದರೂ ಕೊಳ್ಳುವ ಮುಂಚೆ ಬೆರಳ ಗಿಣ್ಣಿನಿಂದ ಉದ್ದಕ್ಕೂ ತಟ್ಟಿ ನೋಡಿ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಕಾಲಿಡುವ ಜಾಗದಲ್ಲಿ ಸದ್ದು ಬದಲಾಗಿ ಬೊದಬೊದ ಅಂದರೆ ಒಳಗಿನ ಪದರ ಬಿಟ್ಟುಕೊಂಡಿದೆ. ತೂಗಿ ನೋಡಿ. 7 ಕೆಜಿ ಇರಬೇಕಾದ್ದು 10 ಇದ್ದರೆ ನೀರು ಕುಡಿದಿದೆ. ಮಾಸ್ಟ್ ಸೀಳು, ಫಿನ್ ಡಬ್ಬಿ, ಎರಡರ ಸುತ್ತಲೂ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ.

ಒಂದೇ ಬೋರ್ಡಿಗೆ ಆಗುವಷ್ಟು ದುಡ್ಡಿದೆ. ಯಾವುದು?

ಪ್ಲೇನಿಂಗ್ ಬರುವವರಾದರೆ ತೂಕದ ಮೇಲೆ 40 ಲೀಟರ್. ಜೊತೆಗೆ ಎರಡು ಫಿನ್, ಎರಡು ಹಾಯಿ, ಉದಾಹರಣೆಗೆ 6.2 ಮತ್ತು 4.7. ಇದರಲ್ಲಿ 12ರಿಂದ 23 ನಾಟ್‌ವರೆಗೆ ಹೇಗೋ ನಿಭಾಯಿಸಬಹುದು. ಕಲಿಯುತ್ತಿರುವವರಾದರೆ ಈಗ ಕೊಳ್ಳಲೇಬೇಡಿ, ಬಾಡಿಗೆಗೆ ಸಿಗುವ ಕಡೆ ಹೋಗಿ ಕಲಿಯಿರಿ.

ಫಾಯಿಲ್ ಹಾಕಿದರೆ ಚಿಕ್ಕ ಹಾಯಿ ಸಾಕಂತೆ?

ಸಾಕು. ಫಾಯಿಲ್ ಅಂದರೆ ಫಿನ್ ಜಾಗದಲ್ಲಿ ಹಾಕುವ, ಕಂಬದ ತುದಿಗೆ ರೆಕ್ಕೆ ಇರುವ ಸಾಧನ, ಅದು ಬೋರ್ಡನ್ನು ನೀರಿನಿಂದ ಮೇಲಕ್ಕೆ ಎತ್ತುತ್ತದೆ. ಆದರೆ ಆ ಕಂಬವೇ ನೀರಿನೊಳಗೆ 70ರಿಂದ 95 ಸೆಂಟಿಮೀಟರ್ ಇಳಿಯುತ್ತದೆ. ಆಷಾಢದ ನಮ್ಮ ಕೆರೆಗಳಿಗೆ ಆಗುವುದಿಲ್ಲ.

ಹಾಗಾದರೆ ಜೂನ್, ಜುಲೈನಲ್ಲಿ ಮಂಗಳೂರು, ಕಾರವಾರದ ಕಡೆ ಹೋಗೋಣವಾ?

ದಯವಿಟ್ಟು ಬೇಡ. ಗಾಳಿ ಇರುತ್ತದೆ ನಿಜ, ಆದರೆ ಮುಂಗಾರಿನ ಆ ಕಡಲು ದಡದಲ್ಲೇ ಆಳೆತ್ತರದ ಅಲೆ ಒಡೆಯುತ್ತದೆ, ಒಳಕ್ಕೆ ಎಳೆಯುವ ಸೆಳೆತ ಬೇರೆ. ಮೀನುಗಾರರೇ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಎಳೆದಿಟ್ಟಿರುತ್ತಾರೆ. ಆ ಹೊತ್ತಿನಲ್ಲಿ ಸರಿಯಾದ ಬೋರ್ಡ್ ಎಷ್ಟು ಲೀಟರ್ ಅಂತ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಗೋವಾದಿಂದ ಬೋರ್ಡ್ ತಂದೆ. ಮೇಲೆ ಒಂದು ಚಿಕ್ಕ ತಿರುಪು ಇದೆ, ಅದು ಏನಕ್ಕೆ?

ಒಳ್ಳೆಯದಾಯಿತು ಕೇಳಿದ್ದು. ಅದು ಗಾಳಿ ಬಿಡುವ ತಿರುಪು. ಬೋರ್ಡಿನ ಒಳಗೆ ನೊರೆಯಂಥ ಫೋಮ್ ಇದೆ, ಅದರ ತುಂಬಾ ಗಾಳಿ. ಸಮುದ್ರಮಟ್ಟದಲ್ಲಿ ಬಿಗಿ ಮಾಡಿ ಘಾಟಿ ಹತ್ತಿಸಿ ನಮ್ಮೂರಿಗೆ ತಂದರೆ ಹೊರಗಿನ ಒತ್ತಡ ನೂರಕ್ಕೆ ಸುಮಾರು 10 ಪಾಲು ಇಳಿದಿರುತ್ತದೆ. ಅದರ ಮೇಲೆ ಕಾರಿನ ಟಾಪ್ ಮೇಲೆ ಬಿಸಿಲಿಗೆ ಕಾದರೆ ಒಳಗಿನ ಗಾಳಿ ಹಿಗ್ಗಿ ಪದರವನ್ನೇ ಎಬ್ಬಿಸಿಬಿಡಬಹುದು. ಆದ್ದರಿಂದ ಸಾಗಿಸುವಾಗ, ಮನೆಯಲ್ಲಿ ಇಡುವಾಗ ಆ ತಿರುಪನ್ನು ಎರಡು ಸುತ್ತು ಸಡಿಲ ಮಾಡಿ. ಕೆಲವು ಬೋರ್ಡುಗಳಲ್ಲಿ ತಾನಾಗಿಯೇ ಗಾಳಿ ಬಿಡುವ ತಿರುಪು ಇರುತ್ತದೆ, ಅದನ್ನು ಮುಟ್ಟಬೇಕಾಗಿಲ್ಲ, ಕೊಟ್ಟವರನ್ನು ಕೇಳಿ ತಿಳಿದುಕೊಳ್ಳಿ. ಸಡಿಲ ಮಾಡಿದ್ದರೆ ನೀರಿಗೆ ಇಳಿಸುವ ಮುಂಚೆ ರಬ್ಬರ್ ಉಂಗುರ ಜಾಗದಲ್ಲಿದೆಯಾ ನೋಡಿ ಮತ್ತೆ ಬಿಗಿ ಮಾಡಿ. ನಾನು ಮರೆಯಬಾರದು ಅಂತ ಆ ತಿರುಪಿನ ಸ್ಕ್ರೂಡ್ರೈವರನ್ನು ಹಾರ್ನೆಸ್‌ಗೇ ಕಟ್ಟಿಟ್ಟಿರುತ್ತೇನೆ. ಹಾರ್ನೆಸ್ ಕೈಗೆತ್ತಿಕೊಂಡಾಗ ತಿರುಪು ನೆನಪಾಗುತ್ತದೆ.